ತಲೆ ತಗ್ಗಿಸಿ ಆಡಿದ ರೇಸು

ದೀಪಾವಳಿಯ ಮುಂಚೆ ಲಾಫ್ಟ್ ಝಾಡಿಸುವುದು ನಮ್ಮ ಕಾಂದಿವಲಿಯ ಬಿಲ್ಡಿಂಗಿನ ಹೆಂಗಸರಿಗೆಲ್ಲ ವರ್ಷಕ್ಕೊಮ್ಮೆ ಬರುವ ಜ್ವರ. ಈ ಸಲ ನನಗೂ ಬಂತು. ಹಳೆಯ ಮಿಕ್ಸರಿನ ಡಬ್ಬಿ, ಮಗಳಿಗೆ ಸ್ಕೂಲಿನಲ್ಲಿ ಬಹುಮಾನ ಬಂದ ಕಪ್ಪು, ಎಂದಾದರೂ ಬೇಕಾಗಬಹುದೆಂದು ಇಟ್ಟು ಎಂದೂ ಬೇಕಾಗದ ಥರ್ಮಾಕೋಲ್ ತುಂಡುಗಳು, ಇವೆಲ್ಲದರ ಹಿಂದಿನಿಂದ ಒಂದು ನೀಲಿ ದಿಂಬು ಉರುಳಿ ನನ್ನ ತಲೆಯ ಮೇಲೆ ಬಿತ್ತು. ದೂರದ ಪ್ರಯಾಣ ಮಾಡುವವರು ಕುತ್ತಿಗೆಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು. ನೋಡಲು ಕುದುರೆಯ ಲಾಳದ ಆಕಾರ. ಕೆಲಸದ ಬಾಯಿ ಅದನ್ನೆತ್ತಿಕೊಂಡು, "ತಾಈ, ಹೇ ಕಾಯ್ ಆಹೇ?" ಎಂದು, ಇದೇನೆಂದು ಕಣ್ಣರಳಿಸಿ ಕೇಳಿದಳು. ಇದರ ಮೇಲೆ ಮುಖವಿಟ್ಟುಕೊಂಡು ನಮ್ಮ ಯಜಮಾನರು ಒಂದು ವಾರ ರೇಸು ಆಡಿದರು ಎಂದು ನನ್ನ ಮರಾಠಿಯಲ್ಲಿ ಹೇಳಲು ಹೊರಟರೆ ಅವಳು ಕಸಬರಿಗೆ ಬಿಟ್ಟು ಕುಳಿತೇಬಿಡುತ್ತಿದ್ದಳು. ಆದ್ದರಿಂದ ಅವಳಿಗೆ ಹೇಳಲಿಲ್ಲ. ನಿಮ್ಮ ಕೈಯಲ್ಲಿ ಕಸಬರಿಗೆ ಇಲ್ಲ, ನಿಮಗೆ ಹೇಳುತ್ತೇನೆ.

ನಮ್ಮವರು ವಿಜಾಪುರದ ಕಡೆಯವರು. ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತರಾಗಿ ಸೇರಿ ಗುಮಾಸ್ತರಾಗಿಯೇ ನಿವೃತ್ತರಾದರು. ಬೀಡಿ ಇಲ್ಲ, ತಂಬಾಕು ಇಲ್ಲ, ಸಿಟ್ಟು ಕೂಡ ಹಬ್ಬ ಹುಣ್ಣಿಮೆಗೆ ಮಾತ್ರ. ಇದ್ದ ಒಂದೇ ಒಂದು ಚಟವೆಂದರೆ ಕುದುರೆ. ನಾನು ಮದುವೆಯಾಗಿ ಧಾರವಾಡದ ಸೀಮೆಯಿಂದ ಮುಂಬಯಿಗೆ ಬಂದ ಹೊಸತರಲ್ಲಿ ಪ್ರತಿ ಭಾನುವಾರ ಊಟ ಮುಗಿಸಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು, "ಮಹಾಲಕ್ಷ್ಮಿಗೆ ಹೋಗಿ ಬರತೀನಿ" ಎಂದು ಹೊರಡುತ್ತಿದ್ದರು. ನಿಮ್ಮ ಅಳಿಯ ಎಂಥ ದೈವಭಕ್ತ, ಒಂದು ವಾರ ತಪ್ಪದೆ ಗುಡಿಗೆ ಹೋಗುತ್ತಾರೆ ಎಂದು ನಾನು ಅವ್ವನ ಮುಂದೆ ಹೇಳಿ, ಅವ್ವ ಓಣಿಯವರ ಮುಂದೆ ಹೇಳಿ, ನಮ್ಮೂರಿನಲ್ಲಿ ಇವರ ಭಕ್ತಿಗೆ ದೊಡ್ಡ ಹೆಸರು ಬಂದಿತ್ತು. ಪ್ರಸಾದ ಯಾಕೆ ಬರುವುದಿಲ್ಲ ಎಂದು ಅನುಮಾನ ಹುಟ್ಟಿದ್ದು ಆಮೇಲೆ. ಒಂದು ಸಂಕ್ರಾಂತಿಯ ವಾರ ನಾನೂ ಜೊತೆಗೆ ಹೊರಟೆ. ಸ್ಟೇಷನ್ನಿನಿಂದ ಹೊರಬಿದ್ದವರೇ ಗುಡಿಯ ದಾರಿ ಬಿಟ್ಟು ಒಂದು ದೊಡ್ಡ ಗೇಟಿನೊಳಗೆ ನುಗ್ಗಿದರು. ಕಣ್ಣೆದುರಿಗೆ ಹಸಿರು ಹುಲ್ಲು, ಬಿಳಿ ಕಟಕಟೆ, ಸಾವಿರ ಜನ. ಗುಡಿ ಎಲ್ಲಿ ಅಂದೆ.

"ಸಮುದ್ರ ಕಡದಾಗ ಲಕ್ಷ್ಮೀ ಒಬ್ಬಾಕಿನs ಹುಟ್ಟಿಲ್ಲ ಪಾರೂ. ಆಕಿ ಜೋಡಿ ಕುದುರಿನೂ ಹುಟ್ಟೇತಿ. ಅಣ್ಣನ ದರ್ಶನ ಮಾಡಿ ಆಮೇಲೆ ತಂಗಿ ಕಡೆ ಹೋಗೂಣು," ಅಂದರು.

ಪುರಾಣ ಬಲ್ಲ ಗಂಡನೊಡನೆ ಜಗಳವಾಡಿ ಗೆದ್ದವರುಂಟೇ? ಅವರ ಆಟ ದೊಡ್ಡದೇನಲ್ಲ, ಮನೆಗೆ ಬೆಂಕಿ ಹಚ್ಚುವಂಥದ್ದಲ್ಲ. ಗೆದ್ದರೆ ಪೇಢೆ, ಸೋತರೆ ಮೌನ. ವರ್ಷಗಳು ಕಳೆದ ಹಾಗೆ ಪೇಢೆಗಿಂತ ಮೌನವನ್ನೇ ಹೆಚ್ಚು ತಿಂದೆವು ಎನ್ನಿ. ಮಗಳು ಸ್ನೇಹಾ ಹುಟ್ಟಿ ಬೆಳೆದು ಮದುವೆಯಾಗಿ ದಹಿಸರಿಗೆ ಹೋದಳು, ಚಾಳಿನಿಂದ ನಾವು ಫ್ಲ್ಯಾಟಿಗೆ ಬಂದೆವು, ಇವರ ಭಾನುವಾರದ ಶರ್ಟು ಮಾತ್ರ ಇಸ್ತ್ರಿಯಾಗುತ್ತಲೇ ಇತ್ತು, ನಿವೃತ್ತರಾದ ಮೇಲೆ ಗುರುವಾರದ ರೇಸಿಗೂ.

ಇನ್ನೊಂದು ಸಂಗತಿ ನಿಮಗೆ ತಿಳಿದಿರಬೇಕು. ಈ ರೇಸನ್ನೆಲ್ಲ ಅವರು ನೋಡಿದ್ದು ಒಂದೇ ಕಣ್ಣಿನಲ್ಲಿ. ಹುಡುಗನಾಗಿದ್ದಾಗ ಚಿಣಿಪಣಿ, ಅದೇ ಚಿನ್ನಿದಾಂಡು, ಆಡುವಾಗ ಚಿಣಿ ಬಡಿದು ಬಲಗಣ್ಣು ಹೋಗಿತ್ತು. "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಅಂತಾರ, ನಮಗ ಇದ್ದಾಕಿ ಒಬ್ಬಾಕಿ ಮಗಳು, ಹಿಂಗಾಗಿ ಲೆಕ್ಕಾ ಬರೋಬ್ಬರಿ ಐತಿ," ಎಂದು ತಾವೇ ತಮಾಷೆ ಮಾಡುತ್ತಿದ್ದರು. ಹೀಗಿರುವಾಗ ಒಂದು ಚಳಿಗಾಲದಲ್ಲಿ ಇದ್ದೊಂದು ಎಡಗಣ್ಣೂ ಕೈಕೊಟ್ಟಿತು. ರೇಸ್ ಪುಸ್ತಕದ ಸಾಲುಗಳು ಸೊಟ್ಟಗೆ ಕಾಣುತ್ತವೆ ಎಂದರು. ಪ್ರೆಸ್ಸಿನವರನ್ನು ಬೈದರು. ಮರುದಿನ ಎದುರಿನ ಬಿಲ್ಡಿಂಗೂ ಸೊಟ್ಟಗಾಯಿತು. ಬಿಲ್ಡರನನ್ನು ಬೈದರು. ಮೂರನೆಯ ದಿನ ನನ್ನ ಮೂಗು ಸೊಟ್ಟಗೆ ಕಂಡಾಗ ಮಗಳು ಎಳೆದುಕೊಂಡು ಡಾಕ್ಟರ ಹತ್ತಿರ ಹೋದಳು.

ಕಣ್ಣಿನ ಹಿಂದಿನ ಪರದೆಯಲ್ಲಿ ನಡುವೆಯೇ ಒಂದು ತೂತು ಬಿದ್ದಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಮಾತು ಮೃದು. ಆಪರೇಷನ್ ಮಾಡಿ ಕಣ್ಣಿನೊಳಗೆ ಒಂದು ಗಾಳಿಯ ಗುಳ್ಳೆ ಬಿಟ್ಟರು. ಗುಳ್ಳೆ ಯಾವಾಗಲೂ ಮೇಲಕ್ಕೆ ತೇಲುತ್ತದಲ್ಲವೇ? ಮುಖ ಕೆಳಗೆ ಹಾಕಿದರೆ ಅದು ಕಣ್ಣಿನ ಹಿಂಭಾಗಕ್ಕೆ ಹೋಗಿ, ಹರಿದ ಪರದೆಯನ್ನು ಒತ್ತಿ ಹಿಡಿದುಕೊಂಡು ಕೂಡಿಸುತ್ತದೆ. "ಕಾಕಾ, ಸಾತ್ ದಿನ್ ಸಿರ್ಫ್ ಜಮೀನ್ ದೇಖನಾ ಹೈ," ಎಂದರು ಡಾಕ್ಟರು. "ಊಪರ್ ದೇಖಾ ತೋ ಆಂಖ್ ಗಯೀ ಸಮಝೋ." ಏಳು ದಿನ ನೆಲ ನೋಡಬೇಕು, ತಲೆ ಎತ್ತಿದರೆ ಕಣ್ಣು ಹೋಯಿತೆಂದೇ ತಿಳಿಯಬೇಕು. ಊಟ, ಸ್ನಾನ, ನಿದ್ದೆ, ಮಾತು ಎಲ್ಲವೂ ತಲೆ ತಗ್ಗಿಸಿಯೇ ಆಗಬೇಕು.

ಶನಿವಾರ ಮನೆಗೆ ತಂದು ಹಾಲಿನ ಮಂಚದ ಮೇಲೆ ಬೋರಲು ಮಲಗಿಸಿದೆವು. ತಲೆ ಮಂಚದ ಅಂಚಿನಾಚೆ, ಹಣೆ ಮತ್ತು ಗಲ್ಲ ಆ ನೀಲಿ ದಿಂಬಿನ ಮೇಲೆ, ಎಡಗಣ್ಣಿಗೆ ಪಟ್ಟಿ. ಚಹಾಕ್ಕೆ ಸ್ಟ್ರಾ. ರೊಟ್ಟಿಯನ್ನು ಚೂರು ಮಾಡಿ ಕೆಳಗಿನಿಂದ ಬಾಯಿಗಿಡಬೇಕು. ಭಾನುವಾರ ಮಧ್ಯಾಹ್ನದವರೆಗೆ ಮಗುವಿನ ಹಾಗೆ ಮಲಗಿದ್ದರು. ಇಷ್ಟು ವರ್ಷ ಶರ್ಟು ತೊಟ್ಟು ಹೊರಡುತ್ತಿದ್ದ ಹೊತ್ತು ಬಂತು ನೋಡಿ, ಮೈ ತನ್ನಷ್ಟಕ್ಕೆ ಎದ್ದುಬಿಟ್ಟಿತು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಮಂಚದ ಮೇಲೆ ಕೂತು ಚಪ್ಪಲಿಗಾಗಿ ಕಾಲಾಡಿಸುತ್ತಿದ್ದರು. ಬೈದು, ಬೇಡಿ, ಕುತ್ತಿಗೆ ಹಿಡಿದು ಮಲಗಿಸಿದೆ. ಸೋಮವಾರವಂತೂ ಹಟವೇ ಹಿಡಿದರು.

"ಸಾಕು ಪಾರೂ. ಕಣ್ಣ ಹೋದ್ರ ಹೋಗಲಿ. ಹಿಂಗ ನೆಲಾ ನೋಡಕೋತ ಇರಾಕ ನಾ ಏನ ದನಾ ಏನು?"

ಸ್ನೇಹಾ ದಹಿಸರಿನಿಂದ ಓಡಿ ಬಂದಿದ್ದಳು. ಅವಳ ಕನ್ನಡ ಮುಂಬಯಿಯ ರಸ್ತೆಯ ಹಾಗೆ, ನಾಲ್ಕು ಹೆಜ್ಜೆಗೊಂದು ಗುಂಡಿ. "ಪಪ್ಪಾ, ಪ್ಲೀಸ್, ತಲೆ ಮೇಲೆ ಮಾಡಬ್ಯಾಡ್ರಿ ನಾ! ಡಾಕ್ಟರ್ ಏನ್ ಹೇಳಿದ್ರು, ಯಾದ್ ಇಲ್ಲ ಏನ್ರಿ? ಮಮ್ಮಿ, ತೂ ಹೇಳು ನಾ," ಎಂದು ಅಳತೊಡಗಿದಳು. ಮಗಳ ಅಳುವಿಗೂ ಇವರು ಬಗ್ಗಲಿಲ್ಲ. ಎರಡೂ ಅಂಗೈ ಮಂಚಕ್ಕೆ ಊರಿ ಏಳುವ ಹವಣಿಕೆಯಲ್ಲಿದ್ದರು. ಆ ಕ್ಷಣಕ್ಕೆ ನನ್ನ ಬಾಯಿಂದ ಯಾಕೆ ಆ ಮಾತು ಬಂತೋ ನನಗೇ ತಿಳಿಯದು.

"ನೀವು ತಲಿ ಎತ್ತಬ್ಯಾಡ್ರಿ. ಗುರುವಾರದ ರೇಸಿಗೆ ನಾನs ಹೋಗತೀನಿ. ನಿಮ್ಮ ಕುದುರಿ ನೋಡಿಕೊಂಡು ಬಂದು ಎಲ್ಲಾ ಹೇಳತೀನಿ."

ದಿಂಬಿನೊಳಗಿಂದ "ನೀನಾ?" ಎಂದು ಒಂದು ಪ್ರಶ್ನೆ. ಅದರ ಹಿಂದೆಯೇ ನಗು. ಮೈ ಸಡಿಲಾಯಿತು. ಅಂಗೈ ಮಡಿಸಿಕೊಂಡು ಮಲಗಿದರು. ಇಷ್ಟು ವರ್ಷ ಯಾವುದನ್ನು ಸವತಿಯೆಂದು ಬೈದಿದ್ದೆನೋ ಅದೇ ಕುದುರೆ ನನ್ನ ಗಂಡನ ತಲೆಯನ್ನು ಕೆಳಗೆ ಹಿಡಿದಿಟ್ಟಿತು.

ಮಂಗಳವಾರ ಮತ್ತು ಬುಧವಾರ ಪಾಠ ನಡೆಯಿತು. ಬೋರಲು ಮಲಗಿದವರ ಜೊತೆ ಮಾತಾಡುವುದು ಕಷ್ಟ, ಬೆನ್ನಿಗೆ ಹೇಳಿದ ಹಾಗಾಗುತ್ತದೆ. ಆದ್ದರಿಂದ ನಾನು ಮಂಚದ ತುದಿಗೆ ಚಾಪೆ ಹಾಸಿ ಅಂಗಾತ ಮಲಗಿದೆ. ಅವರ ಮುಖ ಮೇಲೆ, ನನ್ನ ಮುಖ ಕೆಳಗೆ, ನಡುವೆ ಒಂದು ಮೊಳ ಗಾಳಿ. ಅವರಿಗೆ ನಾನು ಕಾಣುತ್ತಿರಲಿಲ್ಲ. ನನಗೆ ಅವರ ಮುಖ ನೇರವಾಗಿ ಕಾಣುತ್ತಿತ್ತು. ಆ ಮಧ್ಯಾಹ್ನಗಳ ಬಗ್ಗೆ ಏನು ಹೇಳಲಿ? ಹೊರಗೆ ಕುಕ್ಕರಿನ ಸೀಟಿಗಳು, ದೂರದಲ್ಲಿ ಲೋಕಲ್ ಹೋಗುವ ಸದ್ದು, ಪರದೆಯ ಅಂಚಿನಿಂದ ಒಳಗೆ ಬಂದು ನೆಲದ ಮೇಲೆ ಸರಿಯುತ್ತಿದ್ದ ಒಂದು ಪಟ್ಟಿ ಬಿಸಿಲು. ಅವರು ಕಣ್ಣಿನೊಳಗಿನ ಗುಳ್ಳೆಯ ಬಗ್ಗೆ ಹೇಳುತ್ತಿದ್ದರು. ಅದರೊಳಗೆ ಕುದುರೆಗಳು ಓಡುತ್ತವಂತೆ. ಗೊರಸಿನ ಸದ್ದಿಲ್ಲ, ಜನರ ಗದ್ದಲವಿಲ್ಲ. ಸವಾರಿ ಮಾಡುವ ಜಾಕಿಗಳ ಹಳದಿ, ಗುಲಾಬಿ, ನೀಲಿ ಅಂಗಿಗಳು ನೀರಿಗೆ ಬಿದ್ದ ಬಣ್ಣದಂತೆ ಹರಡಿಕೊಂಡು ಹೋಗುತ್ತವಂತೆ. ಎಲ್ಲಕ್ಕಿಂತ ಹಿಂದೆ ಒಂದು ಬೂದುಬಣ್ಣದ ಹೆಣ್ಣು ಕುದುರೆ.

"ಲೇಟ್ ಮಾನ್ಸೂನ್," ಅಂದರು ಪಿಸುದನಿಯಲ್ಲಿ. ಆ ಕುದುರೆಯ ಹೆಸರು ಅದು, ತಡವಾಗಿ ಬಂದ ಮಳೆಗಾಲ ಅಂತ. ಇಡೀ ಸೀಸನ್ನಿನಲ್ಲಿ ಅವರು ಅದರ ಮೇಲೆ ಆಡಿದ್ದರು, ಅದು ಪ್ರತಿ ಸಲ ನಾಲ್ಕನೆಯದಾಗಿ ಬಂದಿತ್ತು. "ಆಕಿ ಈ ಭಾನುವಾರ ಓಡತಾಳ. ಆಕಿಗೆ ಕಡೀಕ ಜೋರು ಬರತೈತಿ ಪಾರೂ, ಅಷ್ಟೊತ್ತಿಗೆ ರೇಸs ಮುಗದಿರತೈತಿ. ಒಂದು ದಿನಾ ಬರೋಬ್ಬರಿ ಹೊತ್ತಿಗೆ ಬರತಾಳ."

ಯಾವ ಹೆಂಗಸಿನ ಬಗ್ಗೆಯೂ ಇವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೊಟ್ಟೆಕಿಚ್ಚಾಯಿತೇ ಎಂದು ಕೇಳಬೇಡಿ. ಚೂರು ಆಯಿತು. ಅವರು ಪಾಠ ಮುಂದುವರಿಸಿದರು. ಕಿವಿ ಮುಂದಕ್ಕಿದ್ದರೆ ಕುದುರೆಗೆ ಮನಸ್ಸಿದೆ, ಕುತ್ತಿಗೆ ಬೆವೆತು ನೊರೆ ಬಂದಿದ್ದರೆ ಓಡುವ ಮೊದಲೇ ಓಡಿ ಮುಗಿಸಿದೆ. ನಾನು ಹೂಂ ಹೂಂ ಎನ್ನುತ್ತ ಹಾಗೆಯೇ ನಿದ್ದೆ ಹೋಗುತ್ತಿದ್ದೆ. ಎದ್ದಾಗ ಬಿಸಿಲಿನ ಪಟ್ಟಿ ಗೋಡೆ ಹತ್ತಿರುತ್ತಿತ್ತು, ಅವರು ಇನ್ನೂ ಮಾತಾಡುತ್ತಲೇ ಇರುತ್ತಿದ್ದರು.

ಗುರುವಾರ ಸ್ನೇಹಾಳನ್ನು ಕಾವಲಿಗೆ ಕೂರಿಸಿ ಹೊರಟೆ. ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಸದಾಶಿವ ಶೆಟ್ಟರು ಕಾಯುತ್ತಿದ್ದರು. ಉಡುಪಿಯ ಕಡೆಯವರು, ಬೈಕುಲ್ಲಾದಲ್ಲಿ ಸಣ್ಣ ಹೋಟೆಲು, ಇವರ ರೇಸಿನ ಗೆಳೆಯರು. ಇಷ್ಟು ವರ್ಷ ನಾನು ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದದ್ದು ಇವರಿಗೇ. ಎದುರಿಗೆ ನೋಡಿದರೆ ಪಾಪದ ಮನುಷ್ಯ, ಕೈಯಲ್ಲಿ ನನಗಾಗಿ ಬಿಸಿ ಗೋಳಿಬಜೆಯ ಪೊಟ್ಟಣ.

"ಹೆದರ್ಬೇಡಿ ಅಕ್ಕ. ಕುದುರೆ ಕಚ್ಚುದಿಲ್ಲ, ಬರೀ ಕಿಸೆ ಖಾಲಿ ಮಾಡ್ತದೆ, ಅಷ್ಟೇ," ಅಂದರು.

ಓಟಕ್ಕೆ ಮೊದಲು ಕುದುರೆಗಳನ್ನು ಸುತ್ತು ಹಾಕಿಸಿ ತೋರಿಸುವ ಜಾಗಕ್ಕೆ ಪ್ಯಾಡಕ್ ಎನ್ನುತ್ತಾರೆ. ಅಲ್ಲಿ ನಿಂತು ಇವರು ಹೇಳಿದ್ದ ಕುದುರೆಗಳ ಕಿವಿ ನೋಡಿದೆ, ಬೆವರು ನೋಡಿದೆ, ಶೆಟ್ಟರು ಕಿಟಕಿಯಲ್ಲಿ ಬಾಜಿಯ ಟಿಕೆಟು ಕೊಂಡರು. ಮೊದಲನೆಯದು ಸೋತಿತು. ಎರಡನೆಯದು ಎಷ್ಟು ಹಿಂದುಳಿಯಿತೆಂದರೆ ಮುಂದಿನ ಓಟದಲ್ಲಿ ಮೊದಲು ಬಂದೀತೇನೋ ಅನ್ನಿಸಿತು. ಮಗಳಿಗೆ ಫೋನ್ ಮಾಡಿ ಹೇಳಿದೆ. ಪಪ್ಪಾ ಹೂಂ ಅಂದ್ರು, ಮಲಗಿದಾರೆ ಎಂದಳು.

ಮೂರನೆಯ ಓಟದ ಹೊತ್ತಿಗೆ ನನ್ನೊಳಗಿನ ಅಪ್ಪ ಎದ್ದ. ನಮ್ಮಪ್ಪ ಎತ್ತಿನ ದಲ್ಲಾಳಿ. ಸಂತೆಯ ದಿನ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಸೆಗಣಿ, ಬೆಲ್ಲ, ಹೊಗೆಸೊಪ್ಪು ಕಲೆತ ಆ ಸಂತೆಯ ವಾಸನೆ ಈಗಲೂ ಚರ್ಚ್‌ಗೇಟ್ ಲೋಕಲಿನ ಗದ್ದಲದಲ್ಲಿ ಒಮ್ಮೊಮ್ಮೆ ನನಗೆ ಬರುತ್ತದೆ. ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿ ಅಪ್ಪ ಅದರ ಜಾತಕ ಹೇಳುತ್ತಿದ್ದ. ಹಣೆಯ ನಟ್ಟನಡುವೆ ಒಂದೇ ಸುಳಿ ಇದ್ದರೆ ಕಣ್ಣು ಮುಚ್ಚಿ ಕೊಳ್ಳು, ಬೆನ್ನ ಮೇಲೆ ಒಂಟಿ ಸುಳಿ ಇದ್ದರೆ ಬಿಟ್ಟಿ ಕೊಟ್ಟರೂ ಬೇಡ. ಪ್ಯಾಡಕ್ಕಿನಲ್ಲಿ ಒಂದು ಕೆಂಪು ಕುದುರೆ ಕಟಕಟೆಯ ಹತ್ತಿರ ಬಂದು ನನ್ನತ್ತ ಮುಖ ಮಾಡಿತು. ಹಣೆಯ ನಡುವೆ, ಬೊಟ್ಟಿಟ್ಟ ಹಾಗೆ, ಒಂದೇ ಸುಳಿ.

"ಶೆಟ್ರ, ಇದರ ಮ್ಯಾಲೆ ಆಡ್ರಿ."

"ಅಯ್ಯೋ ಅಕ್ಕ, ಇದನ್ನು ಯಾರೂ ಕೇಳುದಿಲ್ಲ ಮಾರಾಯ್ರೆ. ಎಂತ ನೋಡಿ ಹೇಳ್ತೀರಿ?"

"ಸುಳಿ."

"ಅಕ್ಕ, ಇದು ಎತ್ತಲ್ಲ, ಕುದುರೆ!"

"ನಾಕ ಕಾಲು, ಒಂದು ಬಾಲ. ಆಡ್ರಿ ನೀವು."

ರೇಸಿನ ಇತಿಹಾಸದಲ್ಲಿ ಸುಳಿ ನೋಡಿ ಟಿಕೆಟು ತೆಗೆದವಳು ನಾನೊಬ್ಬಳೇ ಇರಬೇಕು. ಯಾರೂ ಕೇಳದ ಆ ಕುದುರೆ ಎಲ್ಲರನ್ನೂ ಹಿಂದೆ ಹಾಕಿ ಬಂತು. ಶೆಟ್ಟರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ನಾನು ಅಲ್ಲಿಯೇ ನಿಂತು ಮಗಳ ಫೋನಿಗೆ, "ಗೆದ್ದಿತು! ನಮ್ಮಪ್ಪನ ಸುಳಿ ಗೆದ್ದಿತು ಅಂತ ನಿಮ್ಮಪ್ಪಗ ಹೇಳು!" ಎಂದು ಕಿರುಚಿದೆ. ಫೋನಿನ ಆ ಕಡೆ ಇವರ ಕೂಗು ಕೇಳಿಸಿತು. ಬೆನ್ನಿಗೇ ಮಗಳ ಚೀರಾಟ. "ಮಮ್ಮಿ! ಪಪ್ಪಾ ಎದ್ದು ನಿಂತ್ರು! ಉಪರ್ ನೋಡಾಕತ್ತಾರೆ!"

ಗೆದ್ದ ಸುಖ ನನ್ನ ಪಾಲಿಗೆ ಅಷ್ಟಕ್ಕೇ ಮುಗಿಯಿತು. ಕಾಂದಿವಲಿಯವರೆಗೆ ಒಂದೊಂದು ಸ್ಟೇಷನ್ನೂ ಎರಡೆರಡು ಸಲ ಬಂದ ಹಾಗೆ ಅನ್ನಿಸಿತು.

ಶುಕ್ರವಾರ ಡಾಕ್ಟರು ಪಟ್ಟಿ ಬಿಚ್ಚಿ, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಪರದೆಯ ಒಂದು ಅಂಚು ಇನ್ನೂ ಕೂತಿಲ್ಲ, ಸೋಮವಾರದವರೆಗೆ ಮಿಸುಕಾಡಬಾರದು, ಇನ್ನೊಮ್ಮೆ ಹೀಗಾದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಏನಾಯಿತೆಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. "ಆಂಟಿ, ಕಾಕಾ ಕೋ ಇತನಾ ಖುಷ್ ಮತ್ ಕರೋ," ಅಂದರು. ಗಂಡನನ್ನು ಅಷ್ಟು ಸಂತೋಷಪಡಿಸಬೇಡಿ ಎಂದು ಡಾಕ್ಟರ ಚೀಟಿ ಪಡೆದ ಹೆಂಡತಿ ಈ ಊರಿನಲ್ಲಿ ಇನ್ನೊಬ್ಬಳಿರಲಾರಳು.

ಈಗ ನನ್ನ ಫಜೀತಿ ನೋಡಿ. ಭಾನುವಾರ ಲೇಟ್ ಮಾನ್ಸೂನ್ ಓಡುವ ದಿನ. ನಾನು ಹೋಗದಿದ್ದರೆ ಇವರು ಎದ್ದು ಹೋಗುತ್ತಾರೆ. ಹೋಗಿ, ಅದು ಗೆದ್ದರೆ ಎದ್ದು ಕುಣಿಯುತ್ತಾರೆ. ಅತ್ತ ದರಿ, ಇತ್ತ ಹುಲಿ. ಶನಿವಾರ ಪೂರ್ತಿ ಯೋಚಿಸಿದೆ. ಕೊನೆಗೆ ಮತ್ತೆ ಅಪ್ಪನೇ ನೆನಪಾದ.

ಎತ್ತಿನ ಸಂತೆಯಲ್ಲಿ ಯಾರೂ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಕೊಳ್ಳುವವನೂ ದಲ್ಲಾಳಿಯೂ ಕೈ ಕೈ ಹಿಡಿದು ಮೇಲೊಂದು ವಸ್ತ್ರ ಮುಚ್ಚುತ್ತಾರೆ. ಅದರ ಕೆಳಗೆ ಬೆರಳು ಅದುಮಿಯೇ ಮಾತು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು, ಮುಖದ ಮೇಲೆ ಸಿಟ್ಟೂ ಹಿಗ್ಗೂ ಕಾಣಬಾರದು. "ವಸ್ತ್ರದ ಬುಡಕ ಹಿಡದ ಬೆರಳಿಗೆ ಸುಳ್ಳಿಲ್ಲ ಮಗಳ," ಎನ್ನುತ್ತಿದ್ದ ಅಪ್ಪ. ನಾನು ಇವರಿಗೆ ಹೇಳಿದೆ: ಫೋನಿಲ್ಲ, ಕೂಗಾಟವಿಲ್ಲ. ನಾನು ಮನೆಗೆ ಬಂದು ಟವೆಲ್ಲು ಮುಚ್ಚಿ ನಿಮ್ಮ ಕೈ ಹಿಡಿಯುತ್ತೇನೆ. ಗೆದ್ದರೆ ಒಂದು ಬೆರಳು ಅದುಮುತ್ತೇನೆ, ಸೋತರೆ ಮುಷ್ಟಿ ಹಿಡಿಯುತ್ತೇನೆ. ಏನೇ ಆಗಲಿ ನೀವು ಮಿಸುಕಬಾರದು. ದಲ್ಲಾಳಿಯ ಅಳಿಯ, ಮಾನ ಕಾಯಬೇಕು. ಅವರು ಒಪ್ಪಿದರು.

ಭಾನುವಾರ ಲೋಕಲಿನಲ್ಲಿ ಕುಳಿತು ಜೀವನದಲ್ಲಿ ಮೊದಲ ಸಲ ನಮ್ಮ ಕುದುರೆ ಸೋಲಲೆಂದು ದೇವರಿಗೆ ಬೇಡಿಕೊಂಡೆ. ಸೋತರೆ ಏನೂ ತೊಂದರೆಯಿಲ್ಲ. ಸೋಲು ನಮ್ಮ ಮನೆಗೆ ರೂಢಿಯಾದ ನೆಂಟ, ಬಂದರೆ ಮೂಲೆಯಲ್ಲಿ ಕೂತು ಹೋಗುತ್ತದೆ. ಇಂದು ಗೆಲುವೇ ಬೇಡವಾಗಿತ್ತು. ಆದರೂ ಶೆಟ್ಟರಿಗೆ ಹೇಳಿ ಟಿಕೆಟು ತೆಗೆಸಿದೆ, ಮಾತು ಕೊಟ್ಟಿದ್ದೆನಲ್ಲ.

ಸಂಜೆಯ ಬಿಸಿಲು ಹುಲ್ಲಿನ ಮೇಲೆ ಹಳದಿಯಾಗಿ ಬಿದ್ದಿತ್ತು. ಸಮುದ್ರದ ಕಡೆಯ ಗಾಳಿ ತಣ್ಣಗೆ ಬೀಸುತ್ತಿತ್ತು. ಲೇಟ್ ಮಾನ್ಸೂನ್‌ಳನ್ನು ನಾನು ಮೊದಲ ಸಲ ನೋಡಿದ್ದು ಆಗ. ಮಳೆ ಹಿಡಿದ ಮೋಡದ ಬಣ್ಣ, ದೊಡ್ಡ ಕಪ್ಪು ಕಣ್ಣು, ಯಾವುದಕ್ಕೂ ಅವಸರವಿಲ್ಲದ ಹೆಣ್ಣು. ಸುಳಿ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. ಓಟ ಶುರುವಾದಾಗ ಅವಳು ಎಲ್ಲರಿಗಿಂತ ಹಿಂದಿದ್ದಳು. ದೂರದ ತಿರುವಿನಲ್ಲಿ ಕುದುರೆಗಳು ಒಂದಕ್ಕೊಂದು ಅಂಟಿದಂತೆ ಸದ್ದಿಲ್ಲದೆ ತೇಲಿ ಹೋದವು. ಇವರು ಗುಳ್ಳೆಯೊಳಗೆ ಕಂಡದ್ದು ಇದನ್ನೇ ಎನ್ನಿಸಿ ಮೈ ಜುಂ ಎಂದಿತು. ಆಮೇಲೆ ಅವಳು ಒಬ್ಬೊಬ್ಬರನ್ನೇ ದಾಟುತ್ತ ಬಂದಳು. ಬೇಡ ತಾಯಿ, ನಾಲ್ಕನೆಯವಳಾಗಿಯೇ ಇರು ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ನನ್ನ ಬಾಯಿ ಮಾತ್ರ ಸಾವಿರ ಜನರ ಜೊತೆ ಸೇರಿ, "ಬಾ! ಬಾ! ಬಾ!" ಎನ್ನುತ್ತಿತ್ತು. ಎಲ್ಲರಿಗಿಂತ ಕತ್ತು ಮುಂದೆ ಚಾಚಿ ಅವಳು ಗೆದ್ದಳು.

ಶೆಟ್ಟರು ಅಳುತ್ತಿದ್ದರು. ನಾನೂ ಅತ್ತೆ, ಯಾಕೆಂದು ಕೇಳಿದರೆ ಎರಡೂ ಕಡೆಯ ಕಾರಣವಿತ್ತು. ಅವರು ಒತ್ತಾಯ ಮಾಡಿ ಒಂದು ದೊಡ್ಡ ಡಬ್ಬಿ ಪೇಢೆ ಕೊಡಿಸಿದರು. ಅದನ್ನು ಮನೆಗೆ ಒಯ್ಯುವ ಹಾಗಿಲ್ಲ, ವಾಸನೆಯಿಂದಲೇ ಇವರಿಗೆ ತಿಳಿದುಹೋಗುತ್ತದೆ. ಲೋಕಲಿನ ಲೇಡೀಸ್ ಬೋಗಿಯಲ್ಲಿ ಕುಳಿತು ಗೊತ್ತಿಲ್ಲದ ಹೆಂಗಸರಿಗೆಲ್ಲ ಹಂಚಿದೆ. ಹೂ ಮಾರುವವಳು, ಕಾಲೇಜಿನ ಹುಡುಗಿಯರು, ಬಟಾಣಿ ಸುಲಿಯುತ್ತ ಕೂತಿದ್ದ ಗುಜರಾತಿ ಅಜ್ಜಿ, ಎಲ್ಲರೂ ಕೈಯೊಡ್ಡಿದರು. "ಕಾಯ್ ಝಾಲಂ? ನಾತ್ ಝಾಲೀ?" ಮೊಮ್ಮಗಳು ಹುಟ್ಟಿದಳೇ ಎಂದು ಒಬ್ಬಾಕೆ ಕೇಳಿದಳು. ಹೌದೆಂದು ತಲೆಯಾಡಿಸಿದೆ. ಇಡೀ ಬೋಗಿ ನನ್ನನ್ನು ಹರಸಿತು. ಅಂಧೇರಿಯೋ ಗೋರೆಗಾಂವೋ, ಕಿಟಕಿಯ ಹೊರಗೆ ದೀಪಗಳು ಹತ್ತಿಕೊಳ್ಳುತ್ತಿದ್ದವು. ಇಲ್ಲದ ಮೊಮ್ಮಗಳ ಸಂತೋಷದಲ್ಲಿ ನಾನು ಕಾಂದಿವಲಿಯವರೆಗೆ ತೇಲಿಕೊಂಡು ಬಂದೆ.

ಬಾಗಿಲಲ್ಲಿ ಮುಖ ಒರೆಸಿಕೊಂಡೆ. ಒಳಗೆ ಹೋಗಿ, ಮಂಚದ ಪಕ್ಕ ಕೂತು, ಜೋತುಬಿಟ್ಟಿದ್ದ ಅವರ ಕೈ ಹಿಡಿದು ಟವೆಲ್ಲು ಮುಚ್ಚಿದೆ. ಅವರು ಉಸಿರು ಬಿಗಿಹಿಡಿದಿದ್ದರು. ಅಪ್ಪ ಕ್ಷಮಿಸಲಿ, ಮುಷ್ಟಿ ಹಿಡಿದೆ.

"ಹೋಗಲಿ ಬಿಡು," ಅಂದರು. ತಲೆ ಅಲುಗಲಿಲ್ಲ. "ಹೆಂಗ ಓಡಿದಳು, ಅದನ್ನರs ಹೇಳು."

ನಾನು ಚಾಪೆಯ ಮೇಲೆ ಅಂಗಾತ ಮಲಗಿ ಎಲ್ಲವನ್ನೂ ಹೇಳಿದೆ. ಮೋಡದ ಬಣ್ಣ, ಕಪ್ಪು ಕಣ್ಣು, ಹಳದಿ ಬಿಸಿಲು, ದೂರದ ತಿರುವು. ಕೊನೆಯ ಒಂದು ಗಳಿಗೆಯನ್ನು ಮಾತ್ರ ನುಂಗಿಕೊಂಡೆ. ಅವರು ಕೇಳುತ್ತ ಕೇಳುತ್ತ ನಿದ್ದೆ ಹೋದರು.

ಸೋಮವಾರ ಡಾಕ್ಟರು ದೀಪ ಆರಿಸಿ, "ಚಿಪಕ್ ಗಯಾ, ಕಾಕಾ. ಅಬ್ ಸರ್ ಉಠಾವೋ," ಅಂದರು. ಪರದೆ ಅಂಟಿತ್ತು. ಇವರು ನಂಬದವರಂತೆ ನಿಧಾನವಾಗಿ ತಲೆ ಎತ್ತಿದರು. ರಿಕ್ಷಾದಲ್ಲಿ ಮನೆಗೆ ಬರುವಾಗ ನನಗೆ ತಡೆಯಲಾಗಲಿಲ್ಲ.

"ರೀ, ನಿನ್ನೆ ನಿಮ್ಮ ಕುದುರಿ ಗೆದ್ದಿತ್ತು."

"ಗೊತ್ತಿತ್ತು."

"ಯಾರು ಹೇಳಿದ್ರು? ಶೆಟ್ರು?"

"ನಿನ್ನ ಕೈ. ಸೋತು ಬಂದವರ ಕೈ ಹಂಗ ಕುಣಿಯೂದಿಲ್ಲ ಪಾರೂ. ಅದು ನನ್ನ ಕೈಗೆ ಗೊತ್ತಿಲ್ಲೇನು?"

"ಮತ್ತ ಸುಮ್ಮನ ಯಾಕ ಇದ್ರಿ?"

"ಎದ್ದಿದ್ರ ನೀ ಅಳತಿದ್ದಿ," ಅಂದರು, ರಿಕ್ಷಾದ ಹೊರಗೆ ಮುಖ ಮಾಡಿ.

ಗೆದ್ದ ಸುದ್ದಿಯನ್ನು ಇಡೀ ಇರುಳು ಎದೆಯೊಳಗಿಟ್ಟುಕೊಂಡು ನೆಲ ನೋಡುತ್ತ ಮಲಗಿದ್ದ ಆ ಮನುಷ್ಯನ ಮೇಲೆ ನನಗೆ ಎಂದೂ ಇಲ್ಲದ ಪ್ರೀತಿ ಬಂತು, ಅಷ್ಟೇ.

ಕಣ್ಣು ಒಮ್ಮೆಗೇ ಬರಲಿಲ್ಲ. ಗುಳ್ಳೆ ಕರಗುತ್ತ ಬಂದ ಹಾಗೆ ಮೇಲಿನಿಂದ ಕೆಳಕ್ಕೆ ಕಾಣುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗೆಯೇ ಆಯಿತು. ಮೊದಲು ಕಂಡದ್ದು ಫ್ಯಾನು, ಗೋಡೆಯ ಮೇಲಿನ ಗಡಿಯಾರ. ಅದರ ಕೆಳಗೆಲ್ಲ ಕಪ್ಪು ನೀರು ತುಳುಕುತ್ತದೆ ಎನ್ನುತ್ತಿದ್ದರು. ಆ ನೀರು ದಿನದಿನಕ್ಕೆ ಇಳಿಯಿತು, ನಾನು ಕಂತು ಕಂತಾಗಿ ಮೇಲೆ ಬಂದೆ. "ಅಲ್ಲ, ಕೂದಲಾ ಇಷ್ಟು ಬೆಳ್ಳಗ ಯಾವಾಗ ಆದವು?" ಎಂದರು ಒಂದು ದಿನ. ಆಮೇಲೆ ಕುಂಕುಮ, ಮೂಗುಬೊಟ್ಟಿನ ಹರಳು. ಸೆರಗಿನ ಬಣ್ಣ ಕಂಡ ದಿನ ಹೊಸದೇ ಎಂದು ಕೇಳಿದರು, ಅದು ಸ್ನೇಹಾಳ ಮದುವೆಯಲ್ಲಿ ಉಟ್ಟದ್ದು. ಕೈಬಳೆ ಕಂಡಿತು, ಕೈಯಲ್ಲಿ ಹಿಡಿದ ಬಟ್ಟಲು ಕಂಡಿತು.

ಒಂದು ಮಧ್ಯಾಹ್ನ ಮನೆಯ ಗ್ಯಾಲರಿಯಲ್ಲಿ ಕೂತಿದ್ದ ಇವರಿಗೆ ಚಹಾ ತಂದೆ. ಅವರು ಬಟ್ಟಲಿಗೆ ಕೈಚಾಚದೆ ನನ್ನನ್ನೇ ನೋಡುತ್ತಿದ್ದರು.

"ಒಂದಿಷ್ಟು ಹೊಳ್ಳಿ ಹೋಗು ಪಾರೂ."

ಸೀರೆ ಹರಿದಿದೆಯೇನೋ ಎಂದು ಗಾಬರಿಯಾಗಿ ಅಡುಗೆಮನೆಯ ಬಾಗಿಲವರೆಗೆ ಹೋದೆ.

"ಈಗ ಬಾ."

ಬಂದೆ. ಕಣ್ಣು ಕಿರಿದು ಮಾಡಿ ನೆಲದತ್ತ ನೋಡುತ್ತಿದ್ದರು.

"ಎಡಗಾಲ ಎಳಿಯಾಕತ್ತೀಯಲ್ಲ. ಯಾವಾಗಿಂದ?"

ಕುದುರೆಗಳ ಕಾಲು ನೋಡಿ ನೋಡಿ ಪಳಗಿದ ಕಣ್ಣು. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಲ್ಲುವುದು, ಬೆಳಿಗ್ಗೆ ಹಾಸಿಗೆಯಿಂದೇಳುವಾಗ ಎರಡು ಸಲ ಪ್ರಯತ್ನ ಮಾಡುವುದು, ಇವು ನನಗೆ ಎಷ್ಟು ರೂಢಿಯಾಗಿದ್ದವೆಂದರೆ ಯಾರಾದರೂ ಕೇಳಬೇಕೆಂದೂ ಅನ್ನಿಸಿರಲಿಲ್ಲ.

"ಭಾಳ ದಿನಾ ಆತು," ಅಂದೆ.

"ಭಾಳ ದಿನಾ ಅಂದ್ರ?"

"ಭಾಳ."

ಅವರು ಚಹಾ ಕುಡಿಯಲಿಲ್ಲ. ಮುಂದಿನ ಗುರುವಾರ ಊಟ ಮುಗಿಸಿ ಇಸ್ತ್ರಿ ಮಾಡಿದ ಶರ್ಟು ತೊಟ್ಟರು. ಮಹಾಲಕ್ಷ್ಮಿಗೇ ಹೊರಟರೆಂದುಕೊಂಡೆ. ನನಗೂ ಸೀರೆ ಬದಲಿಸಲು ಹೇಳಿದರು. ರಿಕ್ಷಾ ನಿಂತದ್ದು ಕಾಂದಿವಲಿಯಲ್ಲೇ, ಮೂಳೆ ಡಾಕ್ಟರ ಬಾಗಿಲಿಗೆ.

ಡಾಕ್ಟರು ಆ ಗೋಡೆಯಿಂದ ಈ ಗೋಡೆಯವರೆಗೆ ನಡೆದು ತೋರಿಸಿ ಎಂದರು. ನನಗೆ ನಾಚಿಕೆ. ತಿರುಗಿ ನೋಡಿದರೆ ಇವರು ಕುರ್ಚಿಯ ತುದಿಗೆ ಬಂದು, ಎರಡೂ ಮೊಣಕಾಲ ಮೇಲೆ ಕೈಯಿಟ್ಟು, ಇದ್ದ ಒಂದೇ ಕಣ್ಣನ್ನು ನನ್ನ ಮೇಲಿಟ್ಟು ಮುಂದಕ್ಕೆ ಬಾಗಿದ್ದರು. ಉಸಿರಾಡುವುದನ್ನೂ ಮರೆತ ಹಾಗಿತ್ತು. ನಾನು ಸೆರಗು ಸರಿಮಾಡಿಕೊಂಡು ನಡೆದೆ.